ಮನೆತನಗಳ ಸೊತ್ತಾಗಿದ್ದ ಅಧಿಕಾರ: ಹತ್ತೊಂಬತ್ತನೆಯ ಶತಮಾನದ ಆರಂಭದ ವೇಲ್ಸ್

ಬ್ರಿಟನ್ ದ್ವೀಪದ ಪಶ್ಚಿಮದ ಅಂಚಿನಲ್ಲಿರುವ ವೇಲ್ಸ್, 1801ರಲ್ಲಿ ನಡೆದ ಮೊದಲ ಜನಗಣತಿಯ ಹೊತ್ತಿಗೆ, ಮಾನ್ಮತ್ ಕೌಂಟಿಯನ್ನೂ ಸೇರಿಸಿಕೊಂಡು ಸುಮಾರು 5,87,000 ಜನರ ನಾಡಾಗಿತ್ತು. ಆ ನಾಡಿಗೆ ತನ್ನದೇ ಆದ ರಾಜಧಾನಿಯಾಗಲಿ ಶಾಸನಸಭೆಯಾಗಲಿ ವಿಶ್ವವಿದ್ಯಾಲಯವಾಗಲಿ ಇರಲಿಲ್ಲ. ಲಂಡನ್ನಿನ ಸರ್ಕಾರದ ಪರವಾಗಿ ಸಂಬಳ ಪಡೆದು ಆಡಳಿತ ನಡೆಸುವ ಅಧಿಕಾರಿವರ್ಗವೂ ಹೆಚ್ಚುಕಡಿಮೆ ಇರಲಿಲ್ಲವೆನ್ನಬೇಕು. ಕಾನೂನು, ತೆರಿಗೆ, ರಸ್ತೆ, ಸೆರೆಮನೆ, ಬಡವರ ಪೋಷಣೆ, ಸೈನ್ಯಕ್ಕೆ ಜನರನ್ನು ಒದಗಿಸುವುದು, ಸಂಸತ್ತಿಗೆ ಪ್ರತಿನಿಧಿಯನ್ನು ಕಳುಹಿಸುವುದು, ಹೀಗೆ ಇಂದು ನಾವು ಸಾರ್ವಜನಿಕ ಜೀವನವೆಂದು ಕರೆಯುವುದೆಲ್ಲವೂ ಆಯಾ ಸೀಮೆಯ ದೊಡ್ಡ ಭೂಮಾಲೀಕರ ಮನೆಗಳಿಂದಲೇ ನಡೆಯುತ್ತಿತ್ತು. ಈ ಮನೆತನಗಳವರು ಬಹುಮಟ್ಟಿಗೆ ಇಂಗ್ಲಿಷ್ ಮಾತನಾಡುವ, ಆಂಗ್ಲಿಕನ್ ಚರ್ಚಿಗೆ ಸೇರಿದ ಜನ. ಅವರ ಆಳ್ವಿಕೆಗೆ ಒಳಪಟ್ಟವರಲ್ಲಿ ಬಹುಪಾಲು ವೆಲ್ಷ್ ಭಾಷೆಯವರು, ವರ್ಷದಿಂದ ವರ್ಷಕ್ಕೆ ಆ ಚರ್ಚಿನಿಂದ ದೂರ ಸರಿಯುತ್ತಿದ್ದವರು. ಅಧಿಕಾರಸ್ಥಾನಗಳು ಕೆಲವೇ ಮನೆತನಗಳ ಸೊತ್ತಿನಂತೆ ಉಳಿದುಕೊಂಡ ಬಗೆಯನ್ನೂ, 1800ರಿಂದ 1844ರವರೆಗಿನ ಅವಧಿಯಲ್ಲಿ ಆ ಹಿಡಿತ ಎಲ್ಲೆಲ್ಲಿ ಸಡಿಲಿತು, ಎಲ್ಲೆಲ್ಲಿ ಸಡಿಲಲಿಲ್ಲ ಎಂಬುದನ್ನೂ ಅರಿಯದೆ ಆಧುನಿಕ ವೇಲ್ಸಿನ ರಾಜಕೀಯವನ್ನು ಅರ್ಥಮಾಡಿಕೊಳ್ಳಲು ಸಾಧ್ಯವಿಲ್ಲ.

ಈ ವ್ಯವಸ್ಥೆಯ ಅಡಿಪಾಯ ಹಾಕಿದ್ದು ಎಂಟನೆಯ ಹೆನ್ರಿಯ ಕಾಲದ 1536 ಮತ್ತು 1543ರ ಶಾಸನಗಳು. ಅವು ವೇಲ್ಸನ್ನು ಇಂಗ್ಲೆಂಡಿನೊಂದಿಗೆ ಕಾನೂನಿನ ಮಟ್ಟಿಗೆ ಒಂದುಗೂಡಿಸಿ, ನಾಡನ್ನೆಲ್ಲ ಇಂಗ್ಲಿಷ್ ಮಾದರಿಯ ಕೌಂಟಿಗಳಾಗಿ, ಅಂದರೆ ಜಿಲ್ಲೆಗಳಾಗಿ ವಿಂಗಡಿಸಿ, ಪ್ರತಿ ಕೌಂಟಿಗೂ ಶೆರಿಫ್ ಮತ್ತು ಮ್ಯಾಜಿಸ್ಟ್ರೇಟರನ್ನು ನೇಮಿಸುವ ಪದ್ಧತಿಯನ್ನು ತಂದವು. 1536ರ ಶಾಸನದಲ್ಲಿ ಇನ್ನೊಂದು ನಿಯಮವೂ ಇತ್ತು: ನ್ಯಾಯಾಲಯಗಳ ವ್ಯವಹಾರವೆಲ್ಲ ಇಂಗ್ಲಿಷಿನಲ್ಲೇ ನಡೆಯಬೇಕು, ವೆಲ್ಷ್ ಭಾಷೆಯನ್ನಷ್ಟೇ ಬಳಸುವವರು ರಾಜನ ಅಧೀನದ ಯಾವ ಅಧಿಕಾರಸ್ಥಾನವನ್ನೂ ಹೊಂದಕೂಡದು ಎಂಬುದು ಅದರ ತಾತ್ಪರ್ಯ. ಹದಿನಾರನೆಯ ಶತಮಾನದ ವೆಲ್ಷ್ ಭೂಮಾಲೀಕರು ಈ ನಿಯಮಕ್ಕೆ ಬೇಗನೆ ಹೊಂದಿಕೊಂಡರು. ಮೊದಲು ಎರಡೂ ಭಾಷೆಗಳನ್ನು ಬಲ್ಲವರಾಗಿ, ಬಳಿಕ ತಲೆಮಾರುಗಳು ಉರುಳಿದಂತೆ ಇಂಗ್ಲಿಷಿಗೇ ಒಗ್ಗಿದವರಾಗಿ, ತಮ್ಮ ಗೇಣಿದಾರರ ಭಾಷೆಯಿಂದ ದೂರವಾದರು. ಹತ್ತೊಂಬತ್ತನೆಯ ಶತಮಾನ ಕಾಲಿಟ್ಟಾಗ ಈ ದೂರ ಪೂರ್ಣಗೊಂಡಿತ್ತು. ಅನೇಕ ಹಳೆಯ ವೆಲ್ಷ್ ಮನೆತನಗಳು ಗಂಡುಸಂತಾನವಿಲ್ಲದೆ ಕೊನೆಗೊಂಡು, ಅವುಗಳ ಜಮೀನು ಮದುವೆಯ ಮೂಲಕ ಇಂಗ್ಲಿಷ್ ಅಥವಾ ಸ್ಕಾಟಿಷ್ ಕುಲೀನರ ಪಾಲಾಗಿದ್ದುದೂ ಇದಕ್ಕೆ ಕಾರಣ. ಕಾರ್ಡಿಫ್ ಕೋಟೆಯ ಒಡೆಯರಾದ ಬ್ಯೂಟ್ ಮನೆತನ ಇದಕ್ಕೆ ತಕ್ಕ ನಿದರ್ಶನ: ಸ್ಕಾಟ್ಲೆಂಡಿನ ಈ ಕುಲಕ್ಕೆ ಗ್ಲಾಮೋರ್ಗನ್ ಕೌಂಟಿಯ ಜಮೀನು ಮದುವೆಯಿಂದ ಬಂದಿತ್ತು, ಮತ್ತು ಎರಡನೆಯ ಮಾರ್ಕ್ವಿಸ್ 1815ರಿಂದ 1848ರಲ್ಲಿ ಸಾಯುವ ತನಕ ಆ ಕೌಂಟಿಯ ಲಾರ್ಡ್ ಲೆಫ್ಟಿನೆಂಟನಾಗಿದ್ದ.

ಲಾರ್ಡ್ ಲೆಫ್ಟಿನೆಂಟ್ ಎಂಬುದು ಕೌಂಟಿಯ ಅತ್ಯುನ್ನತ ಸ್ಥಾನ. ರಾಜನ ಪ್ರತಿನಿಧಿಯಾದ ಅವನ ಕೈಯಲ್ಲಿ ಮಿಲಿಷಿಯಾ ಎಂಬ ಸ್ಥಳೀಯ ಪಡೆಯ ಅಧಿಪತ್ಯವಿರುತ್ತಿತ್ತು. ಆ ಪಡೆಯ ಅಧಿಕಾರಿಗಳನ್ನು ಆರಿಸುವವನೂ, ಯಾರು ಮ್ಯಾಜಿಸ್ಟ್ರೇಟರಾಗಬೇಕೆಂದು ಲಾರ್ಡ್ ಚಾನ್ಸೆಲರನಿಗೆ ಶಿಫಾರಸು ಮಾಡುವವನೂ ಅವನೇ. ಮ್ಯಾಜಿಸ್ಟ್ರೇಟರು, ಅಂದರೆ ಶಾಂತಿಪಾಲಕ ನ್ಯಾಯಾಧಿಕಾರಿಗಳು, ಸಂಬಳವಿಲ್ಲದೆ ದುಡಿಯುವ ಭೂಮಾಲೀಕರು ಮತ್ತು ಪಾದ್ರಿಗಳು. ವರ್ಷಕ್ಕೆ ನಾಲ್ಕು ಬಾರಿ ಸೇರುವ ಕ್ವಾರ್ಟರ್ ಸೆಷನ್ಸ್ ಎಂಬ ಸಭೆಯಲ್ಲಿ ಅವರು ಕಳ್ಳತನ, ಹೊಡೆದಾಟಗಳ ವಿಚಾರಣೆ ನಡೆಸುವುದರ ಜೊತೆಗೆ ಕೌಂಟಿಯ ತೆರಿಗೆಯ ದರವನ್ನು ಗೊತ್ತುಮಾಡುತ್ತಿದ್ದರು, ಸೇತುವೆ ಮತ್ತು ಸೆರೆಮನೆಗಳ ಖರ್ಚನ್ನು ಮಂಜೂರು ಮಾಡುತ್ತಿದ್ದರು, ಪರವಾನಗಿ ಕೊಡುತ್ತಿದ್ದರು. ನ್ಯಾಯ ಹೇಳುವವನೂ ತೆರಿಗೆ ಹಾಕುವವನೂ ಜಮೀನು ಗೇಣಿಗೆ ಕೊಡುವವನೂ ಒಬ್ಬನೇ ಆಗಿರುತ್ತಿದ್ದುದರಿಂದ, ಒಬ್ಬ ಸಾಮಾನ್ಯ ರೈತನ ಪಾಲಿಗೆ ಸರ್ಕಾರವೆಂದರೆ ತನ್ನ ಒಡೆಯನೇ ಎಂಬ ಭಾವನೆ ಮೂಡಿದ್ದರಲ್ಲಿ ಆಶ್ಚರ್ಯವಿಲ್ಲ. ಶೆರಿಫನ ಹುದ್ದೆ ಒಂದೇ ವರ್ಷದ್ದು. ನ್ಯಾಯಾಧೀಶರನ್ನು ಎದುರುಗೊಳ್ಳುವುದು, ಜ್ಯೂರಿಯನ್ನು ಕೂಡಿಸುವುದು, ಮರಣದಂಡನೆಯನ್ನು ಜಾರಿಗೊಳಿಸುವುದು, ಚುನಾವಣೆ ನಡೆಸುವುದು ಇವೆಲ್ಲ ಅವನ ಹೊಣೆ. ಖರ್ಚು ಅವನ ಕೈಯಿಂದಲೇ ಆಗುತ್ತಿದ್ದುದರಿಂದ ಗೌರವಕ್ಕಿಂತ ಭಾರವೇ ಹೆಚ್ಚೆಂದು ಸಣ್ಣ ಭೂಮಾಲೀಕರು ಅದನ್ನು ತಪ್ಪಿಸಿಕೊಳ್ಳಲು ನೋಡುತ್ತಿದ್ದರು. ಎಲ್ಲಕ್ಕಿಂತ ಕೆಳಗಿನ ಹಂತವೆಂದರೆ ಪ್ಯಾರಿಷ್, ಒಂದು ಚರ್ಚಿನ ಸುತ್ತಲಿನ ಗ್ರಾಮ ಘಟಕ. ಅಲ್ಲಿನ ವೆಸ್ಟ್ರಿ ಎಂಬ ಗ್ರಾಮಸಭೆ ಬಡವರ ಮೇಲ್ವಿಚಾರಕ, ರಸ್ತೆಯ ಮೇಲ್ವಿಚಾರಕ, ಕಾನ್‌ಸ್ಟೆಬಲ್ ಮುಂತಾದ ಕೆಲಸಗಳನ್ನು ಸರದಿಯ ಮೇಲೆ ರೈತರಿಗೆ ಹಂಚುತ್ತಿತ್ತು. ಕೆಲವು ವೆಸ್ಟ್ರಿಗಳ ನಡಾವಳಿ ಪುಸ್ತಕಗಳು ವೆಲ್ಷ್ ಭಾಷೆಯಲ್ಲೇ ಇವೆ. ಮೇಲಿನ ಹಂತಗಳಲ್ಲಿ ನಿಷಿದ್ಧವಾಗಿದ್ದ ಭಾಷೆ ಈ ಕೆಳಗಿನ ಹಂತದಲ್ಲಿ ಸದ್ದಿಲ್ಲದೆ ಆಡಳಿತ ನಡೆಸುತ್ತಿತ್ತು ಎಂಬುದನ್ನು ಇತಿಹಾಸಕಾರರು ಇನ್ನಷ್ಟು ಒತ್ತಿ ಹೇಳಬೇಕಾಗಿದೆ.

ಉತ್ತರ ವೇಲ್ಸಿನಲ್ಲಿ ಈ ವ್ಯವಸ್ಥೆಯ ಶಿಖರದಲ್ಲಿದ್ದುದು ವಿನ್‌ಸ್ಟೇ ಎಂಬ ಮನೆಯ ವಿಲಿಯಮ್ಸ್-ವಿನ್ ವಂಶ. ಲಕ್ಷ ಎಕರೆಗೂ ಮಿಕ್ಕಿದ ಜಮೀನಿನ ಒಡೆಯನಾದ ಐದನೆಯ ಬ್ಯಾರೊನೆಟ್ ಸರ್ ವಾಟ್ಕಿನ್ ವಿಲಿಯಮ್ಸ್-ವಿನ್ 1796ರಿಂದ 1840ರಲ್ಲಿ ಸಾಯುವವರೆಗೂ ಡೆನ್ಬಿ ಕೌಂಟಿಯ ಸಂಸತ್ಸದಸ್ಯನಾಗಿದ್ದ. ಡೆನ್ಬಿ ಮತ್ತು ಮೆರಿಯೊನೆತ್ ಎಂಬ ಎರಡು ಕೌಂಟಿಗಳ ಲಾರ್ಡ್ ಲೆಫ್ಟಿನೆಂಟನೂ ಆಗಿದ್ದ. ಸ್ವಂತವಾಗಿ ಕಟ್ಟಿದ ಕುದುರೆಪಡೆಯೊಂದನ್ನು 1798ರ ದಂಗೆಯ ಕಾಲದಲ್ಲಿ ಐರ್ಲೆಂಡಿನಲ್ಲಿ ನಡೆಸಿದ್ದ. ಅವನ ತಮ್ಮ ಚಾರ್ಲ್ಸ್ 1799ರಿಂದ 1850ರವರೆಗೆ, ಅಂದರೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ, ಮಾಂಟ್ಗೊಮೆರಿ ಕೌಂಟಿಯನ್ನು ಪ್ರತಿನಿಧಿಸಿದ. ಇನ್ನೊಬ್ಬ ತಮ್ಮ ಹೆನ್ರಿ ರಾಯಭಾರಿ. 1806ರಲ್ಲಿ ಪ್ರಧಾನಮಂತ್ರಿಯಾದ ಲಾರ್ಡ್ ಗ್ರೆನ್‌ವಿಲ್ ಇವರ ಸೋದರಮಾವ. ಇಂಥ ದೀರ್ಘ ಅವಧಿಗಳು ಅಪವಾದಗಳಾಗಿರಲಿಲ್ಲ: ನನ್ನೈ ಮನೆತನದ ಸರ್ ರಾಬರ್ಟ್ ವಿಲಿಯಮ್ಸ್ ವಾನ್ 1792ರಿಂದ 1836ರವರೆಗೆ ಮೆರಿಯೊನೆತ್ ಕೌಂಟಿಯ ಸದಸ್ಯನಾಗಿದ್ದ, ದಕ್ಷಿಣದಲ್ಲಿ ಮಾರ್ಗಮ್ ಮನೆತನದ ಸಿ.ಆರ್.ಎಂ. ಟಾಲ್ಬಟ್ 1830ರಲ್ಲಿ ಗ್ಲಾಮೋರ್ಗನ್ನಿನಿಂದ ಆರಿಸಿಬಂದು 1890ರಲ್ಲಿ ತೀರಿಕೊಳ್ಳುವವರೆಗೂ ಸಂಸತ್ತಿನಲ್ಲೇ ಉಳಿದ.

ಕನ್ನಡ ನಾಡಿನ ಇತಿಹಾಸ ಈ ಮನೆಗಳ ಇತಿಹಾಸವನ್ನು ಎರಡು ಕಡೆ ಮುಟ್ಟುತ್ತದೆ. ರಾಬರ್ಟ್ ಕ್ಲೈವನ ಮಗ ಎಡ್ವರ್ಡ್ ಕ್ಲೈವ್ 1798ರಿಂದ 1803ರವರೆಗೆ ಮದರಾಸಿನ ಗವರ್ನರನಾಗಿದ್ದ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನ ಮಡಿದದ್ದು ಅವನ ಅಧಿಕಾರಾವಧಿಯಲ್ಲೇ. ಅವನ ಹೆಂಡತಿ ಹೆನ್ರಿಯೆಟಾ ವೇಲ್ಸಿನ ಪೊವಿಸ್ ಕೋಟೆಯ ಹರ್ಬರ್ಟ್ ವಂಶದವಳು. 1800ರಲ್ಲಿ ಇಬ್ಬರು ಹೆಣ್ಣುಮಕ್ಕಳೊಡನೆ ಆಕೆ ಮದರಾಸಿನಿಂದ ಹೊರಟು ಬೆಂಗಳೂರು, ಶ್ರೀರಂಗಪಟ್ಟಣಗಳನ್ನು ಕಂಡು ದಿನಚರಿ ಮತ್ತು ಪತ್ರಗಳಲ್ಲಿ ದಾಖಲಿಸಿದಳು. ಆಕೆಯ ಅಣ್ಣ 1801ರಲ್ಲಿ ಸಂತಾನವಿಲ್ಲದೆ ತೀರಿಕೊಂಡಾಗ ಪೊವಿಸ್ ಆಸ್ತಿ ಈ ದಂಪತಿಗಳ ಮಗನ ಕಡೆಗೆ ಬಂತು. 1804ರಲ್ಲಿ ಎಡ್ವರ್ಡ್ ಕ್ಲೈವನಿಗೆ ಪೊವಿಸ್ ಅರ್ಲ್ ಎಂಬ ಪದವಿಯೂ ಮಾಂಟ್ಗೊಮೆರಿ ಕೌಂಟಿಯ ಲಾರ್ಡ್ ಲೆಫ್ಟಿನೆಂಟ್ ಹುದ್ದೆಯೂ ದೊರೆತವು. ಟಿಪ್ಪುವಿನ ಛಾಪಿನ ಬಟ್ಟೆಯ ಡೇರೆ, ಖಡ್ಗ, ಸಿಂಹಾಸನದ ಚಿನ್ನದ ಹುಲಿಮುಖಗಳಲ್ಲೊಂದು ಇಂದಿಗೂ ಆ ಕೋಟೆಯಲ್ಲಿವೆ. ಭಾರತದಲ್ಲಿ ಗಳಿಸಿದ ಸ್ಥಾನಮಾನ ವೇಲ್ಸಿನ ಒಂದು ಕೌಂಟಿಯ ಆಳ್ವಿಕೆಯ ಹಕ್ಕಾಗಿ ಪರಿವರ್ತನೆಗೊಂಡದ್ದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಬೇಕಿಲ್ಲ. ಎರಡನೆಯ ಸಂಪರ್ಕ ಚಾರ್ಲ್ಸ್ ವಿಲಿಯಮ್ಸ್-ವಿನ್ ಮೂಲಕ ಬರುತ್ತದೆ. ಈಸ್ಟ್ ಇಂಡಿಯಾ ಕಂಪನಿಯ ರಾಜ್ಯಾಡಳಿತದ ಮೇಲೆ ಬ್ರಿಟಿಷ್ ಸರ್ಕಾರದ ಪರವಾಗಿ ಕಣ್ಣಿಡಲು ಇದ್ದ ಬೋರ್ಡ್ ಆಫ್ ಕಂಟ್ರೋಲ್ ಎಂಬ ಮಂಡಳಿಗೆ ಅವನು 1822ರಿಂದ 1828ರವರೆಗೆ ಅಧ್ಯಕ್ಷನಾಗಿದ್ದ. 1824ರ ಅಕ್ಟೋಬರಿನಲ್ಲಿ ಕಿತ್ತೂರಿನ ರಾಣಿ ಚೆನ್ನಮ್ಮನ ಪಡೆ ಕಲೆಕ್ಟರ್ ಥ್ಯಾಕರೆಯನ್ನು ಕೊಂದದ್ದೂ, ಡಿಸೆಂಬರಿನಲ್ಲಿ ಕಂಪನಿಯ ಸೈನ್ಯ ಕಿತ್ತೂರನ್ನು ಹಿಡಿದದ್ದೂ ಈ ಅವಧಿಯಲ್ಲೇ. ಲಂಡನ್ನಿನಿಂದ ಹೊರಟ ಆಜ್ಞೆ ಭಾರತ ತಲುಪಲು ತಿಂಗಳುಗಟ್ಟಲೆ ಬೇಕಾಗಿದ್ದ ಆ ಕಾಲದಲ್ಲಿ ಇಂಥ ಘಟನೆಗಳನ್ನು ಮಂಡಳಿ ನಡೆದ ಮೇಲಷ್ಟೇ ತಿಳಿಯಬಲ್ಲದಾಗಿತ್ತು ಎಂಬುದು ನಿಜ. ಆದರೂ ಮಾಂಟ್ಗೊಮೆರಿಯ ಕೆಲವೇ ಭೂಮಾಲೀಕರ ಒಪ್ಪಿಗೆಯಿಂದ ಸಂಸತ್ತಿಗೆ ಹೋದ ಒಬ್ಬನು ಕೋಟ್ಯಂತರ ಭಾರತೀಯರ ಆಡಳಿತದ ಹೊಣೆ ಹೊತ್ತಿದ್ದನೆಂಬುದು ಆ ಯುಗದ ಅಧಿಕಾರದ ಸ್ವರೂಪವನ್ನು ತೋರಿಸುತ್ತದೆ.

1832ಕ್ಕೆ ಮೊದಲು ವೇಲ್ಸಿನಿಂದ, ಮಾನ್ಮತ್ ಕೌಂಟಿಯನ್ನು ಸೇರಿಸಿ, 27 ಮಂದಿ ಸದಸ್ಯರು ಸಂಸತ್ತಿನ ಕೆಳಮನೆಗೆ ಹೋಗುತ್ತಿದ್ದರು. ಕೌಂಟಿ ಸ್ಥಾನಗಳಲ್ಲಿ ವರ್ಷಕ್ಕೆ 40 ಶಿಲಿಂಗ್ ಹುಟ್ಟುವಳಿಯ ಸ್ವಂತ ಭೂಮಿಯುಳ್ಳವರಿಗೆ ಮತದ ಹಕ್ಕಿತ್ತು. ಜೀವಾವಧಿ ಗುತ್ತಿಗೆಯೂ ಸ್ವಂತ ಭೂಮಿಯೆಂದೇ ಲೆಕ್ಕಕ್ಕೆ ಬರುತ್ತಿದ್ದುದರಿಂದ, ಚುನಾವಣೆಗೆ ಮುಂಚೆ ಇಂಥ ಗುತ್ತಿಗೆಗಳನ್ನು ಬರೆದುಕೊಟ್ಟು ಮತಗಳನ್ನು ಹುಟ್ಟಿಸುವುದು ಭೂಮಾಲೀಕರಿಗೆ ಸುಲಭವಾಗಿತ್ತು. ಪಟ್ಟಣದ ಸ್ಥಾನಗಳಲ್ಲಿ ಹಲವು ಸಣ್ಣ ಪಟ್ಟಣಗಳು ಮುಖ್ಯ ಪಟ್ಟಣವೊಂದಕ್ಕೆ ಸೇರಿಕೊಂಡು ಒಬ್ಬನೇ ಸದಸ್ಯನನ್ನು ಆರಿಸುವ ಪದ್ಧತಿ ವೇಲ್ಸಿನ ವಿಶೇಷ. ಕಾರ್ಡಿಫ್ ಗುಂಪಿನಲ್ಲಿ ಸ್ವಾನ್ಸಿ, ನೀತ್, ಲಾಂಟ್ರಿಸೆಂಟ್ ಮುಂತಾಗಿ ಒಟ್ಟು ಎಂಟು ಪಟ್ಟಣಗಳಿದ್ದವು. ಯಾರಿಗೆ ಪೌರತ್ವ ಕೊಡಬೇಕೆಂಬುದು ಪಟ್ಟಣಾಡಳಿತದ ಕೈಯಲ್ಲಿತ್ತು, ಪಟ್ಟಣಾಡಳಿತ ಆ ಪಟ್ಟಣದ ಒಡೆಯನ ಕೈಯಲ್ಲಿತ್ತು. ಆಂಗಲ್ಸಿ ದ್ವೀಪದ ಬೊಮಾರಿಸ್ ಪಟ್ಟಣದಲ್ಲಂತೂ ಮತದಾರರೆಂದರೆ ಪಟ್ಟಣಾಡಳಿತದ 24 ಮಂದಿ ಮಾತ್ರ, ಮತ್ತು ಅವರು ಬಲ್ಕ್ಲಿ ಮನೆತನದ ಇಚ್ಛೆಯಂತೆ ನಡೆಯುವವರು. ಬಹುತೇಕ ಕಡೆ ಚುನಾವಣೆಯೇ ನಡೆಯುತ್ತಿರಲಿಲ್ಲ. ದೊಡ್ಡ ಮನೆಗಳವರು ಮೊದಲೇ ಮಾತಾಡಿಕೊಂಡು ಹೆಸರನ್ನು ಗೊತ್ತುಮಾಡಿದರೆ ಅಲ್ಲಿಗೆ ಮುಗಿಯಿತು.

ಆ ಒಪ್ಪಂದ ಮುರಿದರೆ ಏನಾಗುತ್ತಿತ್ತೆಂಬುದಕ್ಕೆ 1802ರ ಕಾರ್ಮಾರ್ಥನ್ ಕೌಂಟಿಯ ಚುನಾವಣೆ ಸಾಕ್ಷಿ. ಬಂಗಾಳದಲ್ಲಿ ಕಂಪನಿಯ ಟಂಕಸಾಲೆಯ ಮುಖ್ಯಸ್ಥನಾಗಿ ಹಣ ಮಾಡಿ ಬಂದು, ಆ ಕೌಂಟಿಯಲ್ಲಿ ಮಿಡಲ್ಟನ್ ಹಾಲ್ ಎಂಬ ಜಮೀನ್ದಾರಿಯನ್ನು ಕೊಂಡಿದ್ದ ವಿಲಿಯಮ್ ಪ್ಯಾಕ್ಸ್ಟನ್, ಹಳೆಯ ಮನೆತನದ ಜೇಮ್ಸ್ ಹ್ಯಾಮ್ಲಿನ್ ವಿಲಿಯಮ್ಸನಿಗೆ ಎದುರಾಗಿ ನಿಂತ. ದಿನಗಟ್ಟಲೆ ನಡೆಯುತ್ತಿದ್ದ ಮತದಾನದ ಕಾಲದಲ್ಲಿ ದೂರದೂರುಗಳಿಂದ ಬರುವ ಮತದಾರರಿಗೆ ಊಟ, ವಸತಿ, ಕುದುರೆ ಎಲ್ಲವನ್ನೂ ಅಭ್ಯರ್ಥಿಯೇ ಒದಗಿಸಬೇಕಾಗಿದ್ದುದರಿಂದ ಪ್ಯಾಕ್ಸ್ಟನ್ ಪರವಾಗಿ ಹೋಟೆಲು ಮತ್ತು ಮದ್ಯದಂಗಡಿಯವರು ಬರೆದ ಲೆಕ್ಕ ಹೀಗಿತ್ತು: 11,070 ಬೆಳಗಿನ ಉಪಾಹಾರ, 36,901 ಊಟ, 25,275 ಗ್ಯಾಲನ್ ಏಲ್ ಎಂಬ ಬಿಯರು, 11,068 ಬಾಟಲಿ ಕಡುಮದ್ಯ, ಬಣ್ಣದ ರಿಬ್ಬನ್ನುಗಳಿಗೇ 786 ಪೌಂಡು, ಎಲ್ಲ ಸೇರಿ 15,690 ಪೌಂಡು. ಇಷ್ಟಾದ ಮೇಲೂ ಅವನು ಸೋತ. ಆದರೆ ಮರುವರ್ಷವೇ ಕಾರ್ಮಾರ್ಥನ್ ಪಟ್ಟಣದ ಸ್ಥಾನ ಅವನಿಗೆ ಸಿಕ್ಕಿತು, 1806ರಲ್ಲಿ ಕೌಂಟಿ ಸ್ಥಾನವೂ ಸಿಕ್ಕಿತು. ಈ ಚುನಾವಣೆಯನ್ನು ಕೇವಲ ಲಂಚದ ಪ್ರಕರಣವೆಂದು ತಳ್ಳಿಹಾಕುವುದು ಸರಿಯಲ್ಲ. ಗೇಣಿದಾರರಿಗೆ ತಮ್ಮ ಮತಕ್ಕೆ ಬೆಲೆಯಿದೆಯೆಂದು ಅರಿವಾಗುತ್ತಿದ್ದ ಅಪರೂಪದ ದಿನಗಳು ಇವೇ. ಬಹಿರಂಗವಾಗಿ ಹೆಸರು ಹೇಳಿ ಮತ ಹಾಕಬೇಕಾಗಿದ್ದರಿಂದ ಆ ಬೆಲೆಯನ್ನು ಅವರು ಸ್ವಾತಂತ್ರ್ಯವಾಗಿ ಬಳಸಲಾರದೆ ಔತಣವಾಗಿ ಮಾತ್ರ ಪಡೆಯಬಲ್ಲವರಾಗಿದ್ದರು. ಭಾರತದಿಂದ ಬಂದ ಹಣ ವೇಲ್ಸಿನ ಹಳೆಯ ಮನೆಗಳಿಗೆ ಸವಾಲಾಗಿ ನಿಂತದ್ದೂ ಗಮನಿಸಬೇಕಾದ ಅಂಶ. ಬಂಗಾಳದಲ್ಲಿ ಕಂಪನಿಯ ಸೇವೆಯಲ್ಲಿದ್ದ ವಾಲ್ಟರ್ ವಿಲ್ಕಿನ್ಸ್ 1796ರಿಂದ 1828ರವರೆಗೆ ರಾಡ್ನರ್ ಕೌಂಟಿಯ ಸದಸ್ಯನಾಗಿದ್ದುದು ಇಂಥದೇ ಇನ್ನೊಂದು ಉದಾಹರಣೆ.

ವೇಲ್ಸಿಗೆ ತನ್ನದೆಂದು ಹೇಳಿಕೊಳ್ಳಲು ಉಳಿದಿದ್ದ ಏಕೈಕ ರಾಜ್ಯಸಂಸ್ಥೆ ಗ್ರೇಟ್ ಸೆಷನ್ಸ್ ಎಂಬ ಉಚ್ಚ ನ್ಯಾಯಾಲಯ. 1543ರಲ್ಲಿ ಸ್ಥಾಪನೆಗೊಂಡ ಇದರ ವ್ಯಾಪ್ತಿ, ಇಂಗ್ಲಿಷ್ ಸಂಚಾರಿ ನ್ಯಾಯಪೀಠಕ್ಕೆ ಸೇರಿಸಲ್ಪಟ್ಟಿದ್ದ ಮಾನ್ಮತ್ ಕೌಂಟಿಯನ್ನು ಬಿಟ್ಟು ಉಳಿದ ಹನ್ನೆರಡು ಕೌಂಟಿಗಳಿಗೂ ಇತ್ತು. ಮೂರು ಮೂರು ಕೌಂಟಿಗಳ ನಾಲ್ಕು ವಲಯಗಳು, ವಲಯಕ್ಕೆ ಇಬ್ಬರು ನ್ಯಾಯಾಧೀಶರು, ವರ್ಷಕ್ಕೆ ಎರಡು ಬಾರಿ ಪ್ರತಿ ಕೌಂಟಿಯಲ್ಲೂ ಆರು ದಿನಗಳ ಅಧಿವೇಶನ, ಇದು ಅದರ ಕ್ರಮ. ದಾವೆ ಹೂಡಲು ಲಂಡನ್ನಿಗೆ ಹೋಗಬೇಕಾಗಿರಲಿಲ್ಲ, ಖರ್ಚೂ ಕಡಿಮೆ. ದೋಷವಿದ್ದದ್ದು ನ್ಯಾಯಾಧೀಶರಲ್ಲಿ. ಇಂಗ್ಲೆಂಡಿನ ಉಚ್ಚ ನ್ಯಾಯಾಧೀಶರಿಗೆ ಕೆಳಮನೆಯ ಸದಸ್ಯರಾಗಲು ಅವಕಾಶವಿರಲಿಲ್ಲ, ಆದರೆ ವೇಲ್ಸಿನ ಈ ಎಂಟು ಮಂದಿಗೆ ಇತ್ತು. ಅವರು ಉಳಿದ ದಿನಗಳಲ್ಲಿ ಇಂಗ್ಲೆಂಡಿನಲ್ಲಿ ವಕೀಲಿ ನಡೆಸಲೂಬಹುದಾಗಿತ್ತು. ಹೀಗಾಗಿ ಈ ಸ್ಥಾನಗಳನ್ನು ಸರ್ಕಾರದ ಪರ ಮತ ಹಾಕಿದವರಿಗೆ ಕೊಡುವ ಉಡುಗೊರೆಯಾಗಿ ಮಂತ್ರಿಗಳು ಬಳಸಿದರು. ಬಂದವರಿಗೆ ವೆಲ್ಷ್ ಬರುತ್ತಿರಲಿಲ್ಲ. ಜ್ಯೂರಿಯಲ್ಲಿ ಕೂತವರಿಗೆ, ಸಾಕ್ಷಿ ಹೇಳುವವರಿಗೆ ಬಹಳ ಕಡೆ ಇಂಗ್ಲಿಷ್ ಬರುತ್ತಿರಲಿಲ್ಲ. ನಡುವೆ ನಿಂತ ದುಭಾಷಿಯ ಬಾಯಿಂದ ನ್ಯಾಯ ಎಷ್ಟು ದಾಟುತ್ತಿತ್ತೆಂದು ಅಳೆಯುವವರು ಯಾರೂ ಇರಲಿಲ್ಲ.

ಬ್ರೆಕನ್ ವಲಯದಲ್ಲಿ 1787ರಿಂದ 1816ರವರೆಗೆ ನ್ಯಾಯಾಧೀಶನಾಗಿದ್ದ ಜಾರ್ಜ್ ಹಾರ್ಡಿಂಜ್ ಸಾಹಿತ್ಯಾಸಕ್ತ, ವಾಗ್ಮಿ, ಹಲವು ವರ್ಷ ಸಂಸತ್ಸದಸ್ಯನೂ ಆಗಿದ್ದವನು. 1805ರ ಏಪ್ರಿಲಿನಲ್ಲಿ ರಾಡ್ನರ್ ಕೌಂಟಿಯ ಪ್ರೆಸ್ಟೀನ್ ಪಟ್ಟಣದಲ್ಲಿ ಅವನ ಮುಂದೆ ಮೇರಿ ಮಾರ್ಗನ್ ಎಂಬ ಹದಿನೇಳರ ಹುಡುಗಿಯನ್ನು ತಂದು ನಿಲ್ಲಿಸಲಾಯಿತು. ಮೇಲೆ ಹೇಳಿದ ವಾಲ್ಟರ್ ವಿಲ್ಕಿನ್ಸನ ಮೈಸ್ಲುಕ್ ಎಂಬ ಮನೆಯ ಅಡುಗೆಮನೆಯಲ್ಲಿ ಕೆಲಸಕ್ಕಿದ್ದ ಆಕೆ, ಮದುವೆಯಿಲ್ಲದೆ ಹುಟ್ಟಿದ ತನ್ನ ಕೂಸನ್ನು ಕೊಂದಳೆಂಬುದು ಆರೋಪ. ಇಂಥ ಪ್ರಕರಣಗಳಲ್ಲಿ ಆಗಿನ ಜ್ಯೂರಿಗಳು ಸಾಮಾನ್ಯವಾಗಿ ಕರುಣೆ ತೋರುತ್ತಿದ್ದರೂ ಆಕೆಗೆ ಮರಣದಂಡನೆಯಾಯಿತು, ಏಪ್ರಿಲ್ 13ರಂದು ಗಲ್ಲಿಗೇರಿಸಲಾಯಿತು. ಪ್ರೆಸ್ಟೀನ್ ಚರ್ಚಿನ ಅಂಗಳದಲ್ಲಿ ಆಕೆಯ ಹೆಸರಿನ ಎರಡು ಕಲ್ಲುಗಳಿವೆ: ಒಂದು, ನ್ಯಾಯಾಧೀಶನ ಗೆಳೆಯನಾದ ಕುಲೀನನೊಬ್ಬ ನಿಲ್ಲಿಸಿದ್ದು, ಆಕೆಯ ಪಾಪವನ್ನೂ ನ್ಯಾಯಾಧೀಶನ ಸದ್ಗುಣವನ್ನೂ ಹೇಳುತ್ತದೆ, ಇನ್ನೊಂದು, ಆಕೆಯ ಬಗ್ಗೆ ಮರುಕವುಳ್ಳವರು ನಿಲ್ಲಿಸಿದ್ದು, ಕಲ್ಲೆಸೆಯುವ ಮುನ್ನ ತನ್ನ ಪಾಪವನ್ನು ನೆನೆಯಬೇಕೆಂಬ ಬೈಬಲಿನ ಮಾತನ್ನು ನೆನಪಿಸುತ್ತದೆ. ಅಧಿಕಾರಸ್ಥರ ತೀರ್ಪನ್ನು ಒಪ್ಪದ ಜನಾಭಿಪ್ರಾಯವೊಂದು ಆ ಕಾಲದಲ್ಲೂ ಇತ್ತು ಎಂಬುದಕ್ಕೆ ಆ ಎರಡನೆಯ ಕಲ್ಲು ಆಧಾರ. ಅದಕ್ಕೆ ಮಾತಾಡಲು ವೇದಿಕೆಯಿರಲಿಲ್ಲ, ಅಷ್ಟೆ.

1817ರಿಂದ ಆರಂಭವಾಗಿ ಸಂಸತ್ತಿನ ಸಮಿತಿಗಳೂ ಆಯೋಗವೂ ಈ ನ್ಯಾಯಾಲಯದ ಲೋಪಗಳನ್ನು ಪರಿಶೀಲಿಸಿದವು, 1830ರಲ್ಲಿ ಅದನ್ನು ರದ್ದುಗೊಳಿಸಲಾಯಿತು. ವೇಲ್ಸ್ ಇಂಗ್ಲಿಷ್ ಸಂಚಾರಿ ನ್ಯಾಯಪೀಠಗಳ ವ್ಯವಸ್ಥೆಗೆ ಸೇರಿತು, ಹೆಚ್ಚಿದ ಕೆಲಸಕ್ಕಾಗಿ ವೆಸ್ಟ್‌ಮಿನ್‌ಸ್ಟರಿನ ಮೂರು ನ್ಯಾಯಾಲಯಗಳಿಗೆ ಒಬ್ಬೊಬ್ಬ ಹೆಚ್ಚುವರಿ ನ್ಯಾಯಾಧೀಶರನ್ನು ಕೊಡಲಾಯಿತು. ನ್ಯಾಯಾಧೀಶರ ಗುಣಮಟ್ಟ ಇದರಿಂದ ಸುಧಾರಿಸಿತೆಂಬುದನ್ನು ಅಲ್ಲಗಳೆಯಲಾಗದು. ಆದರೆ ಸುಧಾರಣೆ ಬೇಕಾಗಿದ್ದದ್ದು ನೇಮಕದ ಕ್ರಮದಲ್ಲಿ, ತೆಗೆದುಹಾಕಿದ್ದು ಸಂಸ್ಥೆಯನ್ನೇ. ಜನರ ಭಾಷೆ ಬಲ್ಲ ನ್ಯಾಯಾಧೀಶರನ್ನು ನೇಮಿಸಿ ಆ ನ್ಯಾಯಾಲಯವನ್ನು ಉಳಿಸಿಕೊಳ್ಳುವ ದಾರಿಯನ್ನು ಆಳುವವರು ಗಂಭೀರವಾಗಿ ಪರಿಗಣಿಸಲಿಲ್ಲ, ಭಾಷೆಯ ಸಮಸ್ಯೆ ಹೊಸ ನ್ಯಾಯಪೀಠಗಳಿಗೂ ಹಾಗೆಯೇ ವರ್ಗಾವಣೆಯಾಯಿತು.

ಇಷ್ಟು ಹೊತ್ತಿಗೆ ಭೂಮಾಲೀಕರ ಮನೆಗಳ ಹೊರಗೆ ಬೇರೊಂದು ಸಾರ್ವಜನಿಕ ಜೀವನ ಬೆಳೆಯತೊಡಗಿತ್ತು. ಆಂಗ್ಲಿಕನ್ ಚರ್ಚಿನ ಬಿಷಪ್ ಸ್ಥಾನಗಳಿಗೆ ಇಂಗ್ಲಿಷರೇ ಬರುತ್ತಿದ್ದರು. 1782ರಿಂದ 1816ರವರೆಗೆ ಲ್ಯಾಂಡಾಫಿನ ಬಿಷಪ್ಪನಾಗಿದ್ದ ರಿಚರ್ಡ್ ವಾಟ್ಸನ್ ವಾಸವಾಗಿದ್ದದ್ದು ಉತ್ತರ ಇಂಗ್ಲೆಂಡಿನ ವಿಂಡರ್ಮಿಯರ್ ಸರೋವರದ ದಡದಲ್ಲಿ. ಸೇಂಟ್ ಡೇವಿಡ್ಸಿನ ಬಿಷಪ್ ಥಾಮಸ್ ಬರ್ಜೆಸ್ ಇದಕ್ಕೆ ಅಪವಾದವಾಗಿ, ಪಾದ್ರಿಗಳ ಶಿಕ್ಷಣಕ್ಕಾಗಿ 1827ರಲ್ಲಿ ತೆರೆದ ಲ್ಯಾಂಪೀಟರ್ ಕಾಲೇಜಿಗೆ ಕಾರಣನಾದವನು. 1819ರ ಕಾರ್ಮಾರ್ಥನ್ ಐಸ್ಟೆಡ್‌ವೊಡ್, ಅಂದರೆ ಕವಿಗಳ ಮತ್ತು ಗಾಯಕರ ಸ್ಪರ್ಧೋತ್ಸವಕ್ಕೂ ಬೆಂಬಲವಾಗಿ ನಿಂತವನು. ಆದರೆ ಜನ ಚಾಪೆಲುಗಳ ಕಡೆ ತಿರುಗಿದ್ದರು. ಚಾಪೆಲ್ ಎಂದರೆ ಅಧಿಕೃತ ಚರ್ಚಿನಿಂದ ಬೇರೆಯಾದ ಪಂಗಡಗಳ ಪ್ರಾರ್ಥನಾ ಮಂದಿರ. ಬ್ಯಾಪ್ಟಿಸ್ಟರು, ಇಂಡಿಪೆಂಡೆಂಟರು, ಮತ್ತು 1811ರಲ್ಲಿ ಬಾಲಾದ ಥಾಮಸ್ ಚಾರ್ಲ್ಸನ ನೇತೃತ್ವದಲ್ಲಿ ತಮ್ಮದೇ ಪಾದ್ರಿಗಳಿಗೆ ದೀಕ್ಷೆ ಕೊಟ್ಟು ಚರ್ಚಿನಿಂದ ಹೊರಬಂದ ಕ್ಯಾಲ್ವಿನಿಸ್ಟ್ ಮೆಥಡಿಸ್ಟರು ಇವುಗಳಲ್ಲಿ ಮುಖ್ಯರು. ಕಾನೂನಿನ ಪ್ರಕಾರ 1828ರವರೆಗೆ ಆಂಗ್ಲಿಕನ್ ವಿಧಿಯನ್ನು ಸ್ವೀಕರಿಸದವರಿಗೆ ಪಟ್ಟಣಾಡಳಿತದ ಮತ್ತು ಸರ್ಕಾರದ ಸ್ಥಾನಗಳು ನಿಷಿದ್ಧವಾಗಿದ್ದವು. ವರ್ಷವರ್ಷವೂ ಕೊಡುತ್ತಿದ್ದ ವಿನಾಯಿತಿಯಿಂದ ಆ ನಿಷೇಧ ಸಡಿಲವಾಗಿತ್ತಾದರೂ ಅವಮಾನ ಉಳಿದಿತ್ತು. ಹೊರಗೆ ಅಧಿಕಾರ ದೊರೆಯದ ಚಮ್ಮಾರ, ನೇಕಾರ, ಸಣ್ಣ ರೈತ ಚಾಪೆಲಿನಲ್ಲಿ ಹಿರಿಯನಾಗಿ, ಲೆಕ್ಕಪತ್ರ ಇಡುವವನಾಗಿ, ಸಭೆ ನಡೆಸುವವನಾಗಿ ಬೆಳೆದ. ಸ್ವಾನ್ಸಿಯ ಬ್ಯಾಪ್ಟಿಸ್ಟ್ ಪಾದ್ರಿ ಜೋಸೆಫ್ ಹ್ಯಾರಿಸ್ 1814ರಲ್ಲಿ ಹೊರಡಿಸಿದ ‘ಸೆರೆನ್ ಗೊಮೆರ್’ ವೆಲ್ಷ್ ಭಾಷೆಯ ಮೊದಲ ವಾರಪತ್ರಿಕೆ. ಮುಂದಿನ ವೇಲ್ಸಿನ ನಾಯಕರು ತಯಾರಾದದ್ದು ಕ್ವಾರ್ಟರ್ ಸೆಷನ್ಸ್‌ಗಳಲ್ಲಲ್ಲ, ಈ ಚಾಪೆಲು ಮತ್ತು ಪತ್ರಿಕೆಗಳಲ್ಲಿ ಎಂಬುದೇ ಈ ಅವಧಿಯ ಬಹುದೊಡ್ಡ ಸಂಗತಿ. 1832ರ ಕಾಯಿದೆಗಿಂತಲೂ ಇದರ ತೂಕ ಹೆಚ್ಚು.

ಹಳೆಯ ಅಧಿಕಾರದ ಚೌಕಟ್ಟು ಎಷ್ಟು ಕಿರಿದಾಗಿತ್ತೆಂಬುದನ್ನು ಮರ್ಥರ್ ಟಿಡ್ವಿಲ್ ಬಯಲಿಗೆ ತಂದಿತು. ಕಬ್ಬಿಣದ ಕಾರ್ಖಾನೆಗಳಿಂದ ಬೆಳೆದ ಈ ಊರಿನಲ್ಲಿ 1801ರಲ್ಲೇ 7,705 ಜನರಿದ್ದರು, ಆಗ ಕಾರ್ಡಿಫಿನಲ್ಲಿ ಇದ್ದವರು 1,870 ಮಾತ್ರ. ಮೂವತ್ತು ವರ್ಷಗಳಲ್ಲಿ ಮರ್ಥರಿನ ಜನಸಂಖ್ಯೆ 22,000 ದಾಟಿತು. ಆದರೆ ಅದಕ್ಕೆ ಪುರಸಭೆಯಿರಲಿಲ್ಲ, ಸಂಸತ್ತಿನಲ್ಲಿ ಸ್ಥಾನವಿರಲಿಲ್ಲ. ಹಳೆಯ ಹಳ್ಳಿಯ ವೆಸ್ಟ್ರಿಯೇ ಆ ಜನಸಾಗರವನ್ನು ಆಳುತ್ತಿತ್ತು, ಅದರ ಮೇಲೆ ಕ್ರಾಶೆ, ಗೆಸ್ಟ್ ಮೊದಲಾದ ಕಾರ್ಖಾನೆ ಒಡೆಯರ ಹಿಡಿತವಿತ್ತು. 1831ರಲ್ಲಿ ಕೂಲಿ ಕಡಿತ, ಕೆಲಸದ ಕೊರತೆಗಳ ನಡುವೆ ಕೋರ್ಟ್ ಆಫ್ ರಿಕ್ವೆಸ್ಟ್ಸ್ ಎಂಬ ಸಣ್ಣ ಸಾಲಗಳ ನ್ಯಾಯಾಲಯ ಕಾರ್ಮಿಕರ ಮನೆಯ ಪಾತ್ರೆಪಗಡಿಗಳನ್ನು ಜಪ್ತಿ ಮಾಡುತ್ತಿತ್ತು. ಜೂನ್ 2ರಂದು ಜನ ಆ ನ್ಯಾಯಾಲಯದ ಗುಮಾಸ್ತ ಕಾಫಿನನ ಮನೆಗೆ ನುಗ್ಗಿ ಲೆಕ್ಕದ ಪುಸ್ತಕಗಳನ್ನು ಸುಟ್ಟರು. ಮರುದಿನ ಕ್ಯಾಸಲ್ ಇನ್ ಎಂಬ ಛತ್ರದ ಮುಂದೆ ಸಾವಿರಾರು ಜನ ಸೇರಿದಾಗ, ಗುಂಪು ಚದುರಬೇಕೆಂಬ ಆಜ್ಞೆಯನ್ನು ಶೆರಿಫ್ ಇಂಗ್ಲಿಷಿನಲ್ಲೂ ವೆಲ್ಷಿನಲ್ಲೂ ಓದಿಸಿದ. ಆಮೇಲೆ ನಡೆದ ಘರ್ಷಣೆಯಲ್ಲಿ ಸೈನಿಕರ ಗುಂಡಿಗೆ ಕನಿಷ್ಠ 16 ಮಂದಿ ಬಲಿಯಾದರು. ನ್ಯಾಯಾಲಯಗಳು ಮೂರು ಶತಮಾನಗಳ ಕಾಲ ದೂರವಿಟ್ಟಿದ್ದ ಭಾಷೆಯನ್ನು ಗುಂಡು ಹಾರಿಸುವ ಮುನ್ನ ಬಳಸಬೇಕಾಗಿ ಬಂದದ್ದು ಆ ದಿನದ ಕಠೋರ ಸತ್ಯ. ಸೈನಿಕನೊಬ್ಬನನ್ನು ಗಾಯಗೊಳಿಸಿದ ಆರೋಪದ ಮೇಲೆ ಡಿಕ್ ಪೆಂಡೆರಿನ್ ಎಂದು ಹೆಸರಾದ ರಿಚರ್ಡ್ ಲೂಯಿಸ್ ಎಂಬ ಯುವ ಗಣಿಕಾರ್ಮಿಕನನ್ನು, ಗ್ರೇಟ್ ಸೆಷನ್ಸ್ ರದ್ದಾದ ಬಳಿಕ ಬಂದ ಹೊಸ ನ್ಯಾಯಪೀಠದ ಮುಂದೆ ವಿಚಾರಣೆಗೆ ಒಳಪಡಿಸಿ, 11,000ಕ್ಕೂ ಹೆಚ್ಚು ಜನ ಸಹಿ ಹಾಕಿದ ಮನವಿಯನ್ನು ಗೃಹಮಂತ್ರಿ ಮೆಲ್ಬರ್ನ್ ತಳ್ಳಿಹಾಕಿದ ಮೇಲೆ, ಆಗಸ್ಟ್ 13ರಂದು ಕಾರ್ಡಿಫಿನಲ್ಲಿ ಗಲ್ಲಿಗೇರಿಸಲಾಯಿತು. ಅವನು ನಿರಪರಾಧಿಯೆಂಬ ನಂಬಿಕೆ ವೇಲ್ಸಿನಲ್ಲಿ ಅಂದಿನಿಂದ ಇಂದಿನವರೆಗೂ ಅಚಲವಾಗಿದೆ.

1832ರ ಸುಧಾರಣಾ ಕಾಯಿದೆ ವೇಲ್ಸಿನ ಸ್ಥಾನಗಳನ್ನು 27ರಿಂದ 32ಕ್ಕೆ ಏರಿಸಿತು, ಮರ್ಥರಿಗೂ ಒಂದು ಸ್ಥಾನ ಕೊಟ್ಟಿತು. ಅಲ್ಲಿಂದ ಹೋದ ಮೊದಲ ಸದಸ್ಯ ಡೌಲೈಸ್ ಕಾರ್ಖಾನೆಯ ಒಡೆಯ ಜೋಸೈಯಾ ಜಾನ್ ಗೆಸ್ಟ್. ಕೌಂಟಿಗಳಲ್ಲಿ ವಿನ್, ವಾನ್, ಟಾಲ್ಬಟ್ ಹೆಸರುಗಳೇ ಮುಂದುವರಿದವು. 1835ರ ಪುರಸಭಾ ಕಾಯಿದೆ ಇದಕ್ಕಿಂತ ಆಳವಾಗಿ ಕೆಲಸ ಮಾಡಿತು, ಏಕೆಂದರೆ ತೆರಿಗೆ ಕೊಡುವವರೇ ಪಟ್ಟಣ ಸಭೆಯನ್ನು ಆರಿಸುವಂತೆ ಅದು ಮಾಡಿದ್ದರಿಂದ ಅಂಗಡಿಕಾರರು, ಚಾಪೆಲಿನವರು ಮೊದಲ ಬಾರಿಗೆ ಅಧಿಕಾರಕ್ಕೆ ಬಂದರು. ನ್ಯೂಪೋರ್ಟಿನ ಬಟ್ಟೆ ವ್ಯಾಪಾರಿ ಜಾನ್ ಫ್ರಾಸ್ಟ್ ಅವರಲ್ಲೊಬ್ಬ. ಆ ಊರಿನ ಟೌನ್ ಕ್ಲರ್ಕನೂ ಟ್ರೆಡೀಗರ್ ಜಮೀನ್ದಾರಿಯ ಪಾರುಪತ್ಯಗಾರನೂ ಆಗಿದ್ದ ಥಾಮಸ್ ಪ್ರೊದೆರೊನನ್ನು ಎದುರಿಸಿ 1820ರ ದಶಕದಲ್ಲಿ ಮಾನನಷ್ಟದ ಅಪರಾಧಕ್ಕಾಗಿ ಸೆರೆಮನೆ ಕಂಡಿದ್ದ ಫ್ರಾಸ್ಟ್, ಹೊಸ ಕಾಯಿದೆಯ ಫಲವಾಗಿ ಮ್ಯಾಜಿಸ್ಟ್ರೇಟನಾದ, 1836ರಲ್ಲಿ ನಗರದ ಮೇಯರನಾದ. ಎಲ್ಲ ಗಂಡಸರಿಗೂ ಗುಪ್ತ ಮತದಾನದ ಹಕ್ಕು ಬೇಕೆಂದು ಕೇಳುವ ಚಾರ್ಟಿಸ್ಟ್ ಚಳವಳಿಗೆ ಅವನು ಸೇರಿದಾಗ, 1839ರ ಮಾರ್ಚಿನಲ್ಲಿ ಗೃಹಮಂತ್ರಿ ಲಾರ್ಡ್ ಜಾನ್ ರಸ್ಸೆಲ್ ಅವನನ್ನು ಮ್ಯಾಜಿಸ್ಟ್ರೇಟ್ ಸ್ಥಾನದಿಂದ ಕಿತ್ತುಹಾಕಿದ. ಜನ ಆರಿಸಿದ ಸ್ಥಾನ ಬೇರೆ, ಮೇಲಿನಿಂದ ಕೊಟ್ಟ ಸ್ಥಾನ ಬೇರೆ ಎಂಬುದು ಸ್ಪಷ್ಟವಾಯಿತು. ಅದೇ ವರ್ಷದ ನವೆಂಬರ್ 4ರಂದು ಕಣಿವೆಗಳಿಂದ ಇಳಿದುಬಂದ ಸಾವಿರಾರು ಕಾರ್ಮಿಕರ ಮುಂದಾಳಾಗಿ ಫ್ರಾಸ್ಟ್ ನ್ಯೂಪೋರ್ಟಿಗೆ ಬಂದ. ವೆಸ್ಟ್‌ಗೇಟ್ ಹೋಟೆಲಿನೊಳಗಿದ್ದ ಸೈನಿಕರ ಗುಂಡಿಗೆ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಒಳಗೆ ನಿಂತು ಗಾಯಗೊಂಡ ಆಗಿನ ಮೇಯರ್ ಥಾಮಸ್ ಫಿಲಿಪ್ಸನಿಗೆ ಸರ್ ಪದವಿ ಸಿಕ್ಕಿತು, ಹಿಂದಿನ ಮೇಯರ್ ಫ್ರಾಸ್ಟನಿಗೆ ಮರಣದಂಡನೆ ವಿಧಿಸಿ ಬಳಿಕ ಟಾಸ್ಮೇನಿಯಾಕ್ಕೆ ಗಡೀಪಾರು ಮಾಡಲಾಯಿತು.

ಗ್ರಾಮೀಣ ನೈಋತ್ಯ ವೇಲ್ಸಿನಲ್ಲಿ ಕಿಡಿ ಹೊತ್ತಿದ್ದು ಸುಂಕದ ಕಟ್ಟೆಗಳಿಂದ. ರಸ್ತೆ ದುರಸ್ತಿಗೆಂದು ಸಂಸತ್ತಿನ ಅನುಮತಿಯಿಂದ ರಚನೆಯಾದ ಟ್ರಸ್ಟುಗಳು ಗೇಟುಗಳನ್ನು ಹಾಕಿ ಗಾಡಿ, ದನಕರುಗಳ ಮೇಲೆ ಸುಂಕ ವಸೂಲು ಮಾಡುತ್ತಿದ್ದವು. ಟ್ರಸ್ಟಿಗಳು ಮತ್ತೆ ಅದೇ ಭೂಮಾಲೀಕರು, ವಸೂಲಿಯ ಹಕ್ಕನ್ನು ಹರಾಜಿನಲ್ಲಿ ಹಿಡಿಯುವವರು ಹೊರಗಿನ ಗುತ್ತಿಗೆದಾರರು. ಹೊಲಕ್ಕೆ ಬೇಕಾದ ಸುಣ್ಣವನ್ನು ತರಲು ಸುಣ್ಣದ ಬೆಲೆಗಿಂತ ಸುಂಕವೇ ಹೆಚ್ಚಾಗುವ ಸ್ಥಿತಿ ಬಂದಾಗ ರೈತರು ತಿರುಗಿಬಿದ್ದರು. 1839ರ ಮೇ ತಿಂಗಳಲ್ಲಿ ಎವೈಲ್ವೆನ್ ಎಂಬಲ್ಲಿ ಹೆಂಗಸರ ಉಡುಪು ತೊಟ್ಟ ಗಂಡಸರು ಗೇಟನ್ನು ನೆಲಸಮ ಮಾಡಿದರು. ರೆಬೆಕ್ಕಾ ಎಂಬ ಬೈಬಲಿನ ಹೆಸರನ್ನು ಹೊತ್ತ ಈ ದಂಗೆ 1843ರಲ್ಲಿ ಹಲವು ಕೌಂಟಿಗಳಿಗೆ ಹಬ್ಬಿತು. ಸರ್ಕಾರ ನೇಮಿಸಿದ ವಿಚಾರಣಾ ಆಯೋಗದ ಅಧ್ಯಕ್ಷ ಥಾಮಸ್ ಫ್ರಾಂಕ್ಲೆಂಡ್ ಲೂಯಿಸ್ ರಾಡ್ನರ್ ಕೌಂಟಿಯ ಭೂಮಾಲೀಕ, 1834ರಲ್ಲಿ ಬಡವರ ಕಾನೂನಿನ ಆಯೋಗಕ್ಕೆ ಮೊದಲ ಅಧ್ಯಕ್ಷನಾಗಿದ್ದವನು. ಸದಸ್ಯರಲ್ಲೊಬ್ಬ ರಾಬರ್ಟ್ ಹೆನ್ರಿ ಕ್ಲೈವ್, ಮದರಾಸಿನ ಗವರ್ನರನಾಗಿದ್ದ ಎಡ್ವರ್ಡ್ ಕ್ಲೈವನ ಎರಡನೆಯ ಮಗ. ಆಡಳಿತದ ತಪ್ಪುಗಳನ್ನು ತನಿಖೆ ಮಾಡಲು ಬಂದವರೂ ಆಳುವ ವಲಯದವರೇ. ಆದರೂ ಈ ಆಯೋಗ ಊರೂರಿಗೆ ಹೋಗಿ, ದುಭಾಷಿಗಳನ್ನು ಕೂರಿಸಿಕೊಂಡು, ರೈತರ ದೂರುಗಳನ್ನು ವಿವರವಾಗಿ ಬರೆದುಕೊಂಡಿತು, ಮತ್ತು ಅದರ ವರದಿಯ ಆಧಾರದಲ್ಲಿ 1844ರಲ್ಲಿ ದಕ್ಷಿಣ ವೇಲ್ಸಿನ ಟ್ರಸ್ಟುಗಳನ್ನು ಒಟ್ಟುಗೂಡಿಸಿ ಕೌಂಟಿ ರಸ್ತೆ ಮಂಡಳಿಗಳನ್ನು ರಚಿಸಿ ಸುಂಕಗಳನ್ನು ಇಳಿಸಲಾಯಿತು. ಈ ಇಡೀ ಅವಧಿಯಲ್ಲಿ ಸಾಮಾನ್ಯ ಜನರ ಮಾತನ್ನು ಸರ್ಕಾರ ಕೇಳಿ ನಡೆದುಕೊಂಡ ಅತ್ಯಂತ ಪ್ರಾಮಾಣಿಕ ಸಂದರ್ಭ ಇದೇ ಎನ್ನಬೇಕು, ಮತ್ತು ಅದಕ್ಕಾಗಿ ಜನ ಗೇಟುಗಳನ್ನು ಮುರಿಯಬೇಕಾಯಿತು ಎಂಬುದನ್ನೂ ಮರೆಯಬಾರದು.

ಇದಾದ ಮೇಲೂ ದೊಡ್ಡ ಮನೆಗಳ ಹಿಡಿತ ಬಹುಕಾಲ ಉಳಿಯಿತು. ಗುಪ್ತ ಮತದಾನ ಬಂದದ್ದು 1872ರಲ್ಲಿ. ಮರ್ಥರಿಗೆ ಪುರಸಭೆ ಸಿಕ್ಕಿದ್ದು 1905ರಲ್ಲಿ. ವೆಲ್ಷ್ ಭಾಷೆಯನ್ನು ನ್ಯಾಯಾಲಯಗಳಿಂದ ಹೊರಗಿಟ್ಟ 1536ರ ನಿಯಮವನ್ನು ರದ್ದುಪಡಿಸಿ, ವೆಲ್ಷಿನಲ್ಲಿ ಸಾಕ್ಷ್ಯ ನುಡಿಯುವವರ ದುಭಾಷಿಯ ವೆಚ್ಚವನ್ನು ಸರ್ಕಾರವೇ ಭರಿಸುವಂತೆ ಮಾಡಿದ ಕಾಯಿದೆ ಜಾರಿಯಾದದ್ದು 1942ರಲ್ಲಿ.